ಎರಡನೆಯ ಫೋಟೋ

“ಅಲ್ಲಾಡಬ್ಯಾಡ,” ಅಂದ ಅಮರೇಶ.

ವಿಶಾಖಾ ಅಲ್ಲಾಡಿರಲಿಲ್ಲ. ಅಲ್ಲಾಡಿದ್ದು ಕಿಟಕಿಯ ಪರದೆ. ಆದರೂ ಅವಳು ತಪ್ಪು ತನ್ನದೇ ಎಂಬಂತೆ ಇನ್ನಷ್ಟು ನೆಟ್ಟಗೆ ಕೂತಳು. ಭಾನುವಾರದ ಬೆಳಗು, ರಾಯಚೂರಿನ ಆಶಾಪುರ ರಸ್ತೆಯ ಬಾಡಿಗೆ ಮನೆ, ಕಿಟಕಿಯ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ನಾಲ್ಕೂ ಕಾಲಿನ ಸುತ್ತ ಅಮರೇಶ ಸೀಮೆಸುಣ್ಣದಿಂದ ಗೆರೆ ಹಾಕಿದ್ದ. ಅದೇ ಕುರ್ಚಿ, ಅದೇ ಬೆಳಕು, ಅದೇ ದೂರ, ಅದೇ ಹೆಂಡತಿ. ಬದಲಾಗಬೇಕಾದದ್ದು ಕ್ಯಾಮೆರಾ ಒಂದೇ.

ಕ್ಯಾಮೆರಾ ಎರಡಿದ್ದವು. ಒಂದು ಸೋನಿ, ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮನೆಯ ಬಸವಪ್ರಸಾದನದು. ಅವನು ಕಾಲೇಜಿನ ಕಾಲದ ಗೆಳೆಯ. ಇನ್ನೊಂದು ಕ್ಯಾನನ್, ತೀನ್ ಕಂದಿಲ್ ಸರ್ಕಲ್ ಹತ್ತಿರ ಮದುವೆ ಫೋಟೋಗಳ ಸ್ಟುಡಿಯೋ ಇಟ್ಟಿರುವ ಜಿಲಾನಿ ಪಾಷಾನದು. ಇಬ್ಬರೂ ಒಂದು ದಿನದ ಮಟ್ಟಿಗೆ ಕೊಟ್ಟಿದ್ದರು, ತಂತಮ್ಮ ಕಂಪನಿಯೇ ಗೆಲ್ಲುತ್ತದೆಂಬ ಭರವಸೆಯಿಂದ. ಎರಡೂ ಫುಲ್ ಫ್ರೇಮ್. ಅಂದರೆ ಒಳಗೆ ಬೆಳಕು ಹಿಡಿಯುವ ಸೆನ್ಸರು ಹಳೇ ರೀಲಿನಷ್ಟೇ ಅಗಲ. ಇದನ್ನು ಅಮರೇಶ ಡಿಗ್ರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ವಿವರಿಸಿದ್ದನೆಂದರೆ ಸಂಸ್ಕೃತದ ಮೇಷ್ಟರಿಗೂ ಬಾಯಿಪಾಠವಾಗಿತ್ತು.

ಅವನು ಕಲಿಸುವುದು ಅರ್ಥಶಾಸ್ತ್ರ. ಕಲಿತದ್ದು, ಕಳೆದ ಎರಡು ವರ್ಷದಲ್ಲಿ, ಕ್ಯಾಮೆರಾ. ರಾತ್ರಿ ಊಟದ ತಟ್ಟೆಯ ಪಕ್ಕ ಮೊಬೈಲು ನಿಲ್ಲಿಸಿಕೊಂಡು ಯಾರ್ಯಾರೋ ದೇಶದವರು ಮಾಡಿದ ಹೋಲಿಕೆಗಳನ್ನೆಲ್ಲ ನೋಡಿ ಮುಗಿಸಿದ್ದ. ಕೊಳ್ಳಬೇಕಾದ ಕ್ಯಾಮೆರಾಗಳ ಪಟ್ಟಿಯಿಂದ ನಿಕಾನನ್ನು ಬಿಟ್ಟ ದಿನ ಅನ್ನ ಸೇರಿರಲಿಲ್ಲ. ಈ ಎರಡು ವರ್ಷದಲ್ಲಿ ಅವನು ಒಂದೂ ಫೋಟೋ ತೆಗೆದಿರಲಿಲ್ಲ. ತೆಗೆದರೆ ಹೇಗೆ ಬರುತ್ತದೆ ಎಂಬುದು ಮಾತ್ರ ಪೂರ್ತಿ ಗೊತ್ತಿತ್ತು.

ಮೊದಲು ಸೋನಿ. ಕಿಂಡಿಗೆ ಕಣ್ಣಿಟ್ಟ ಕೂಡಲೇ ಒಂದು ಹಸಿರು ಚೌಕ ಟಣ್ಣನೆ ಹಾರಿ ವಿಶಾಖಾಳ ಎಡಗಣ್ಣಿನ ಮೇಲೆ ಕೂತಿತು. ಈಗಿನ ಕ್ಯಾಮೆರಾಗಳ ಈ ಚಮತ್ಕಾರ ಅವನಿಗೆ ಬಹಳ ಪ್ರೀತಿ. ಎದುರಿಗೆ ಯಾರೇ ಇರಲಿ, ಅದು ತಾನೇ ಕಣ್ಣು ಹುಡುಕಿಕೊಳ್ಳುತ್ತದೆ. ಹಿಂದೆ ನಿಂತವನು ಹುಡುಕಬೇಕಿಲ್ಲ. ಒತ್ತಿದ. ಆಯಿತು.

ಕ್ಯಾಮೆರಾ ಬದಲಿಸಲು ಸ್ಟ್ಯಾಂಡಿನ ತಿರುಪು ಬಿಚ್ಚಬೇಕು. ತಿರುಪು ಬಿಗಿಯಾಗಿತ್ತು.

“ರೀ, ಒಂದ್ ಮಾತು,” ಅಂದಳು ವಿಶಾಖಾ.

“ಹೇಳು. ಕೇಳಾಕತ್ತೀನಿ.”

“ದೇವದುರ್ಗದಾಗ ಒಂದ್ ಖೋಲಿ ಹಿಡ್ದೀನಿ. ಇವತ್ತ ಮಧ್ಯಾಹ್ನದ ಬಸ್ಸಿಗೆ ಹೊಂಟೀನಿ. ಇನ್ನ ಅಲ್ಲೇ ಇರ್ತೀನಿ.”

ಅವಳು ದೇವದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ದಿನಾ ಗಬ್ಬೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

“ಹ್ಞೂಂ,” ಅಂದ ಅಮರೇಶ. ತಿರುಪು ಒಂದು ಸುತ್ತು ಬಂತು.

“ಹೋಗಿ ಬರೂದು ತ್ರಾಸು ಅಂತ ಮಂದಿಗೆ ಹೇಳ್ತೀನಿ. ನಿಮಗ ಖರೇ ಹೇಳ್ತೀನಿ, ಬಸ್ಸಿನ ತ್ರಾಸ್ ಏನಿಲ್ಲ. ಬಸ್ಸಿನಾಗ ಮಂದಿ ನನ್ನ ಜೋಡಿ ಮಾತರ ಆಡ್ತಾರ.”

ತಿರುಪು ಬಿಚ್ಚಿತು. ಸೋನಿ ಇಳಿಯಿತು, ಕ್ಯಾನನ್ ಏರಿತು.

“ಬ್ಯಾಡ ಅನ್ನೋದಿದ್ರ ಈಗ ಅನ್ರಿ. ಅಂದ್ರ ಇರ್ತೀನಿ.”

ಅಮರೇಶನಿಗೆ ಕೇಳಿಸಲಿಲ್ಲ ಅಂದರೆ ಸುಳ್ಳಾಗುತ್ತದೆ. ಚೆನ್ನಾಗಿ ಕೇಳಿಸಿತು. ಆದರೆ ಒಂದು ಫೋಟೋ ಬಾಕಿ ಇತ್ತು, ಬೆಳಕು ಯಾರಿಗೂ ಕಾಯುವುದಿಲ್ಲ, ಉತ್ತರವನ್ನು ಫೋಟೋ ಆದಮೇಲೂ ಕೊಡಬಹುದು. ಅವನು ಕಿಂಡಿಗೆ ಕಣ್ಣಿಟ್ಟ. ಹಸಿರು ಚೌಕ ಅವಳ ಎಡಗಣ್ಣಿಗೆ ಬಂತು.

“ಗದ್ದ ಸ್ವಲ್ಪ ಎತ್ತು,” ಅಂದ.

ವಿಶಾಖಾ ಒಂದು ಗಳಿಗೆ ಅವನನ್ನು, ಅಂದರೆ ಲೆನ್ಸನ್ನು, ನೋಡಿದಳು. ಆಮೇಲೆ ನಕ್ಕುಬಿಟ್ಟಳು. ಗದ್ದ ಎತ್ತಿದಳು. ಅವನು ಒತ್ತಿದ.

“ಮುಗೀತೇನ್ರಿ?”

“ಮುಗೀತು. ಜಿಲಾನಿ ಕಡೆ ಹೋಗಿ ತೋರಿಸಿ ಬರ್ತೀನಿ. ಬಂದು ಮಾತಾಡೋಣ.”

“ಹೋಗಿ ಬರ್ರಿ,” ಅಂದಳು. ಕುರ್ಚಿಯಿಂದ ಏಳುವಾಗ ಸೀಮೆಸುಣ್ಣದ ಗೆರೆ ಅಳಿಸದ ಹಾಗೆ ಹುಷಾರಾಗಿ ದಾಟಿದಳು.

ತೀನ್ ಕಂದಿಲ್‌ನ ಸ್ಟುಡಿಯೋದಲ್ಲಿ ಬಸವಪ್ರಸಾದ ಆಗಲೇ ಬಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸೋನಿಯ ಮಾನ ಕಾಯಲು ಮಾನ್ವಿಯಿಂದ ಕಾರು ಓಡಿಸಿಕೊಂಡು ಬಂದಿದ್ದ. ಜಿಲಾನಿ ಪಾಷಾ ಎರಡೂ ಫೋಟೋ ಕಂಪ್ಯೂಟರಿಗೆ ಹಾಕಿ ಅಕ್ಕಪಕ್ಕ ಇಟ್ಟ. ಮೂವರೂ ಮುಂದಕ್ಕೆ ಬಾಗಿದರು.



ಮೊದಲನೆಯದು ಚೆನ್ನಾಗಿತ್ತು. ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂತಿದ್ದಳು. ಎರಡನೆಯದರಲ್ಲಿ ಆ ಹೆಂಗಸು ನಿಜಕ್ಕೂ ಇದ್ದಳು. ಮುಖಕ್ಕೆ ಒಳಗಿನಿಂದ ಯಾರೋ ದೀಪ ಹಚ್ಚಿದ್ದರು. ತುಟಿ ನಗುತ್ತಿತ್ತು, ಕಣ್ಣು ಬೇರೇನೋ ಹೇಳುತ್ತಿತ್ತು, ಕತ್ತು ಎಲ್ಲಿಗೋ ಹೊರಟ ಹಾಗೆ ಎದ್ದಿತ್ತು.

“ಯಾ ಅಲ್ಲಾ,” ಅಂದ ಜಿಲಾನಿ ಪಾಷಾ. “ನೋಡ್ರಿ ಸರ, ನಾ ಹೇಳಿರ್ಲಿಲ್ಲೇನು? ಸ್ಕಿನ್ ಕಲರ್ ಅಂದ್ರ ಕ್ಯಾನನ್! ಮದುಮಗಳ ಮುಖದ ಮ್ಯಾಲಿನ ನೂರ್, ಆ ಕಳೆ, ಇದ್ದಂಗ ಅದ.”

ಬಸವಪ್ರಸಾದ ಎದ್ದು ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬಂದು ನೋಡಿದ. “ಕಣ್ಣು ದೊಡ್ಡದ್ ಮಾಡ್ರಿ.”

ಜಿಲಾನಿ ದೊಡ್ಡದು ಮಾಡಿದ. ಪರದೆಯ ತುಂಬ ವಿಶಾಖಾಳ ಎಡಗಣ್ಣು. ರೆಪ್ಪೆಗಳು ಒಂದೊಂದಾಗಿ ಎಣಿಸುವಷ್ಟು ನಿಚ್ಚಳ. ಪಾಪೆಯಲ್ಲಿ ಪುಟ್ಟ ಕಿಟಕಿ, ಕಿಟಕಿಯ ಮುಂದೆ ಬಾಗಿ ನಿಂತ ಒಂದು ಕಪ್ಪು ಚುಕ್ಕೆ. ಅದು ಅಮರೇಶ. ಕೆಳಗಿನ ರೆಪ್ಪೆಯ ಅಂಚಿನಲ್ಲಿ ನೀರು ನಿಂತಿತ್ತು.

“ನೀರಿನ ಹೊಳಪು ನೋಡ್ರಿ ಹೆಂಗ್ ಹಿಡ್ದದ,” ಅಂದ ಜಿಲಾನಿ. “ಒಂದ್ ಚೂರೂ ಸುಟ್ಟು ಬೆಳ್ಳಗಾಗಿಲ್ಲ.”

“ಹೌದು,” ಅಂದ ಅಮರೇಶ. “ಹೈಲೈಟ್ ಛಲೋ ಉಳಿಸ್ಯದ.”

ಹೇಳಿದ ಮೇಲೆ ಅವನು ಪರದೆಯಿಂದ ಕಣ್ಣು ತೆಗೆದ. ಜಿಲಾನಿ ತರಿಸಿದ ಚಹಾ ಕುಡಿದ.

ಅವರದೊಂದು ವಾಟ್ಸಾಪ್ ಗುಂಪಿತ್ತು, ರಾಯಚೂರು ಜಿಲ್ಲೆಯ ಕ್ಯಾಮೆರಾ ಹುಚ್ಚರದು. ಯಾವುದು ಯಾವ ಕಂಪನಿಯದೆಂದು ಹೇಳದೆ ಎರಡನ್ನೂ ಹಾಕಿದರು. ವೋಟು ಸುರಿದವು. ಎಲ್ಲವೂ ಎರಡನೆಯದಕ್ಕೆ. ಸಿರವಾರದ ಒಬ್ಬ, ಮೊದಲನೆಯದು ರೇಷನ್ ಕಾರ್ಡಿಗೆ, ಎರಡನೆಯದು ಕ್ಯಾಲೆಂಡರಿಗೆ ಎಂದು ಬರೆದ. ಇನ್ನೊಬ್ಬ ಲೆನ್ಸಿನ ನಂಬರು ಕೇಳಿದ. ಆ ಹೆಂಗಸು ಯಾಕೆ ಹಾಗೆ ನಗುತ್ತಿದ್ದಾಳೆಂದು ಯಾರೂ ಕೇಳಲಿಲ್ಲ. ಅದು ಆ ಗುಂಪಿನ ವಿಷಯವೂ ಆಗಿರಲಿಲ್ಲ.

ಸೋತ ಬಸವಪ್ರಸಾದನಿಗೆ ಹಠ ಬಂತು. “ಲೇ ಅಮರೇಶ, ಟೆಸ್ಟ್ ತಪ್ಪಾಗ್ಯದ. ಮೊದಲ ನಂದು ಇಟ್ಟಿ, ಆಮ್ಯಾಲ ಅವರದು. ನಡುವ ಏನರ ಬದಲಾತೇನು?”

“ಏನೂ ಇಲ್ಲ.”

“ಮೋಡ ಸರೀತೇನು? ಪರದಾ?”

“ಇಲ್ಲೋ. ಬೆಳಕು ಅಷ್ಟೇ ಇತ್ತು.”

“ಹಂಗಾದ್ರ ಉಲ್ಟಾ ಮಾಡಿ ನೋಡು. ಮೊದಲ ಅದು, ಆಮ್ಯಾಲ ಇದು. ಎರಡೂ ಇಟ್ಕೋ, ನಾಳಿ ಕೊಡು. ಆಗ ಒಪ್ತೀನಿ.”

“ಮೇಡಂ ಮತ್ತ ಕೂಡ್ತಾರೇನ್ರಿ ಸರ?” ಅಂದ ಜಿಲಾನಿ.

“ಕೂಡ್ತಾಳ,” ಅಂದ ಅಮರೇಶ. “ಮನ್ಯಾಗ ಅದಾಳ.”

ಅಂದದ್ದೇ ತಡ, ಅವನಿಗೆ ಹೊರಗಿನ ಬಿಸಿಲು ಕಂಡಿತು. ಅದು ಮಧ್ಯಾಹ್ನದ ಬಿಸಿಲು. ಎದ್ದವನು ಚಪ್ಪಲಿ ಉಲ್ಟಾ ಮೆಟ್ಟಿದ.

ಮನೆಗೆ ಬೀಗ. ಕೆಳಗಿನ ಮನೆಯ ಬಡೇಬೀ, ಮಾಲಕರ ತಾಯಿ, ಸೆರಗಿನ ತುದಿಯಿಂದ ಚಾವಿ ಬಿಚ್ಚಿ ಕೊಟ್ಟರು.

“ಈಗ ಹೋದ್ಲಪಾ. ಬಸ್ಸಿನ ತ್ರಾಸು ಅಂದ್ಲು. ಛಲೋ ಆತು ಬಿಡು, ಮೈ ಕೈ ನೋವಾಗಿ ಸಾಯಾಕತ್ತಿದ್ಲು ಪಾಪ.”

“ಹೌದು ಯವ್ವಾ. ಬಸ್ಸಿನ ತ್ರಾಸು,” ಅಂದ ಅಮರೇಶ. ಇಷ್ಟು ಒಳ್ಳೆಯ ಕಾರಣವನ್ನು ಅವಳೇ ಮಾಡಿಟ್ಟು ಹೋಗಿದ್ದಳು. ಅವನಿಗೆ ಹೆಂಡತಿಯ ಮೇಲೆ ಕೃತಜ್ಞತೆ ಬಂತು, ಅದರ ಹಿಂದೆಯೇ ನಾಚಿಕೆ.

ಒಳಗೆ ಎಲ್ಲ ಹಾಗೇ ಇತ್ತು. ಅವಳು ಏನೇನು ಒಯ್ದಿದ್ದಾಳೆ ಎಂದು ನೋಡಹೊರಟ. ಏನೇನು ಅವಳದಿತ್ತು ಎಂಬುದೇ ನೆನಪಾಗಲಿಲ್ಲ. ಎರಡು ಕ್ಯಾಮೆರಾಗಳ ಬಟನ್ನುಗಳು ಎಲ್ಲೆಲ್ಲಿವೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಿಗೆ ಅವಳ ಚೀಲ ಯಾವ ಬಣ್ಣದ್ದೆಂದು ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಅನ್ನ, ಸಾರು ಮುಚ್ಚಿಟ್ಟಿದ್ದಳು. ನಿಂತೇ ಉಂಡ. ಕಿಟಕಿಯ ಪಕ್ಕ ಕುರ್ಚಿ ತನ್ನ ಬಿಳಿ ಗೆರೆಗಳ ಒಳಗೆ ನಿಂತಿತ್ತು. ಅದನ್ನು ನೋಡಿ ಅವನಿಗೆ ಭಯವಾಯಿತು. ಸುಮ್ಮನೆ ಭಯ, ಮಕ್ಕಳಿಗೆ ಆಗುವಂಥದು.

ಎರಡೂ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು, ಸ್ಟ್ಯಾಂಡು ಹೆಗಲಿಗೇರಿಸಿ, ದೇವದುರ್ಗದ ಬಸ್ಸು ಹತ್ತಿದ. ಟೆಸ್ಟಿಗೆ ಹೊರಟಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಒಂದಿಷ್ಟು ದೂರ ಹೋದಮೇಲೆ ಅದು ಸುಳ್ಳೆಂದೂ ಒಪ್ಪಿಕೊಂಡ. ಹೇಳಬೇಕಾದದ್ದು ಎಷ್ಟು? ಎರಡಕ್ಷರ. ಬ್ಯಾಡ. ಬಾಯೊಳಗೇ ಅಂದು ನೋಡಿದ. ಬಂತು. ಸ್ವಲ್ಪ ಜೋರಾಗಿ ಅಂದ.

“ಏನ್ ಬ್ಯಾಡ್ರಿ?” ಅಂದ ಕಂಡಕ್ಟರು. “ಟಿಕೀಟೇನು?”

“ಅಲ್ಲಲ್ಲ. ಒಂದ್ ದೇವದುರ್ಗ ಕೊಡ್ರಿ.”

ಗಬ್ಬೂರಿನಲ್ಲಿ ಒಬ್ಬ ಮುದುಕ ಮೇಕೆಮರಿ ಎತ್ತಿಕೊಂಡು ಹತ್ತಿದ. ಅಮರೇಶನ ಕೈ ಸುಮ್ಮನಿರಲಿಲ್ಲ. ಸೋನಿ ತೆಗೆದು ಕಿಂಡಿಯಲ್ಲಿ ನೋಡಿದ. ಹಸಿರು ಚೌಕ ಮರಿಯ ಕಣ್ಣಿಗೆ ಕೂತಿತು. ಮುದುಕನ ಕಣ್ಣಿಗೆ ಕೂತಿತು. ಕ್ಯಾನನ್ ತೆಗೆದ. ಅದೂ ಕೂತಿತು. ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ ಕೂಸು ಕಣ್ಣು ಬಿಟ್ಟ ಕೂಡಲೇ ಅಲ್ಲಿಗೂ ಹಾರಿತು. ಬಸ್ಸಿನ ತುಂಬ ಕಣ್ಣುಗಳಿದ್ದವು. ದಿನಾ ಇವರ ಜೊತೆ ಅವಳು ಮಾತಾಡುತ್ತಿದ್ದಳು.

“ಪೇಪರ್‌ನವರೇನ್ರಿ?” ಅಂದ ಮುದುಕ.

“ಅಲ್ಲ ಯಪ್ಪಾ.”

“ಮತ್ತ ಎಲ್ಲಿಗಿ ಹೊಂಟೀರಿ?”

ಅಮರೇಶ ಕಿಟಕಿಯ ಆಚೆ ನೋಡಿದ. “ನಮ್ಮ ಮನಿಯವರ ಕಡಿ,” ಅಂದ. ಹಾಗೆ ಅಂದದ್ದು ಹಿತವಾಯಿತು.

ದೇವದುರ್ಗದಲ್ಲಿ ಇಳಿದು ಫೋನು ಮಾಡಿದ. “ಸಾಲಿ ಹಿಂದ, ಹಸರು ಗೇಟು,” ಅಂದಳು ವಿಶಾಖಾ. ಯಾಕೆ ಬಂದಿರಿ ಎನ್ನಲಿಲ್ಲ. ದನಿಯಲ್ಲಿ ಒಂದು ಎಳೆ ಸಂತೋಷ ಇತ್ತು. ಅವನು ಬೇಗ ಬೇಗ ನಡೆದ.

ಒಂದೇ ಖೋಲಿ, ಹಿಂದೆ ಪುಟ್ಟ ಅಡುಗೆಮನೆ. ಕಬ್ಬಿಣದ ಮಂಚ, ಅವಳ ಟ್ರಂಕು, ಮಾಲಕರು ಬಿಟ್ಟುಹೋದ ಉಕ್ಕಿನ ಅಲಮಾರಿ, ಅದರ ಬಾಗಿಲಿಗೆ ಉದ್ದಕ್ಕೆ ಕನ್ನಡಿ. ಸಂಜೆಯ ಬೆಳಕು ಬಾಗಿಲಿನಿಂದ ಒಳಗೆ ಬಿದ್ದಿತ್ತು. ಬೆಳಕು ಬಹಳ ಚೆನ್ನಾಗಿದೆ ಎಂದು ಅವನಿಗೆ ಮೊದಲು ಅನಿಸಿತು.

“ಬಂದ್ರಿ,” ಅಂದಳು ವಿಶಾಖಾ. ಅವಳ ಮುಖ ಅರಳಿತು. ಆಮೇಲೆ ಅವಳ ಕಣ್ಣು ಅವನ ಹೆಗಲ ಮೇಲಿನ ಸ್ಟ್ಯಾಂಡಿಗೆ ಹೋಯಿತು. “ಏನ್ ಬಂದ್ರಿ?”

ಅಮರೇಶ ಬಾಯಿ ತೆರೆದ. ಎರಡಕ್ಷರ ನಾಲಿಗೆಯ ತುದಿಯಲ್ಲೇ ಇದ್ದವು.

“ಬೆಳಕು ಹೋಗೂದ್ರಾಗ ಇನ್ನೊಂದ್ ಫೋಟೋ ಬೇಕಿತ್ತು,” ಅಂದ.

ವಿಶಾಖಾ ನಕ್ಕಳು. ಬೆಳಗಿನದೇ ನಗು. ಟ್ರಂಕನ್ನು ಬಾಗಿಲಿಗೆ ಎಳೆದು, ಅದರ ಮೇಲೆ ಕೂತು, ಹೇಳಿಸಿಕೊಳ್ಳುವ ಮೊದಲೇ ಗದ್ದ ಎತ್ತಿದಳು. ಅವನು ಅವಸರದಲ್ಲಿ ಕೈಗೆ ಸಿಕ್ಕ ಸೋನಿಯಲ್ಲೇ ತೆಗೆದ. ತೆಗೆದದ್ದನ್ನು ನೋಡಿದ.

ಅದೇ ಫೋಟೋ. ಕ್ಯಾಲೆಂಡರಿಗಾಗುವ ಫೋಟೋ. ಅದೇ ದೀಪ, ಅದೇ ಕತ್ತು, ಕೆಳಗಿನ ರೆಪ್ಪೆಯಲ್ಲಿ ಅದೇ ನೀರು. ಎರಡು ವರ್ಷದ ವಿದ್ಯೆ ಒಂದು ಕ್ಲಿಕ್ಕಿಗೆ ಹೋಯಿತು. ಯಾವ ಕಂಪನಿಯೂ ಅವಳ ಮುಖಕ್ಕೆ ಏನನ್ನೂ ಕೊಟ್ಟಿರಲಿಲ್ಲ. ಎರಡು ವಸ್ತುಗಳಲ್ಲಿ ಯಾವುದಾದರೂ ಆದೀತು ಎನ್ನುವ ಗಿರಾಕಿಯ ಮನಸ್ಸಿಗೆ ಅವನು ತರಗತಿಯಲ್ಲಿ ಒಂದು ಗೆರೆ ಎಳೆದು ಹೆಸರು ಹೇಳುತ್ತಿದ್ದ: ಔದಾಸೀನ್ಯ ರೇಖೆ. ಹುಡುಗರು ಬರೆದುಕೊಳ್ಳುತ್ತಿದ್ದರು.

“ಛಲೋ ಬಂತೇನು?”

“ಬಂತು. ಇನ್ನೊಂದು, ಕ್ಯಾನನ್‌ದಾಗ.”

“ತಗೀರಿ,” ಅಂದಳು. ಅವಳಿಗೆ ಅವಸರವಿರಲಿಲ್ಲ.

ಅವನು ಕಿಂಡಿಗೆ ಕಣ್ಣಿಟ್ಟ. ಚೌಕ ಅವಳ ಕಣ್ಣಿಗೆ ಕೂತಿತು. ಇಲ್ಲಿಂದ ಹೇಳುವುದು ಸುಲಭ ಅನಿಸಿತು. ಇಲ್ಲಿಂದ ಅವಳು ಹತ್ತಿರ ಇದ್ದಳು, ಅವನು ಕಾಣುತ್ತಿರಲಿಲ್ಲ.

“ವಿಶಾಖಾ.”

“ಹ್ಞಾಂ?”

ಹಸಿರು ಚೌಕ ಕಾಯಿತು. ಅವಳೂ ಕಾದಳು. ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಆ ಸದ್ದು ಪೂರ್ತಿ ಹೋಗುವವರೆಗೂ ಕಾದಳು. ಆಮೇಲೆ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು.

“ಕಡೀ ಬಸ್ಸಿಗೆ ಹೋಗ್ತೀರಲ್ಲ, ಚಹಾ ಕುಡುದು ಹೋಗ್ರಿ,” ಎಂದು ಅಡುಗೆಮನೆಗೆ ನಡೆದಳು.

ಅಮರೇಶ ಕ್ಯಾಮೆರಾ ಇಳಿಸಲಿಲ್ಲ. ಅವಳ ಹಿಂದೆ ಅದನ್ನು ತಿರುಗಿಸಿದ. ಚೌಕ ಅವಳ ಬೆನ್ನಿನ ತನಕ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಅವಳನ್ನು ಕಳೆದುಕೊಂಡಿತು. ಗೋಡೆಯ ಮೇಲೆ ಹರಿದಾಡಿತು. ಮಂಚ ನೋಡಿತು. ಆಮೇಲೆ ಅಲಮಾರಿಯ ಕನ್ನಡಿಗೆ ಬಂತು. ಅಲ್ಲಿ ಒಬ್ಬ ಗಂಡಸು ಬಾಗಿ ನಿಂತಿದ್ದ. ಮುಖ ಇರಬೇಕಾದಲ್ಲಿ ಕರೀ ಪೆಟ್ಟಿಗೆ ಇತ್ತು.

“ಸಕ್ರಿ ಎಷ್ಟ್ ಹಾಕ್ಲಿ?” ಒಳಗಿನಿಂದ ವಿಶಾಖಾ ಕೇಳಿದಳು, ಮನೆಗೆ ಬಂದವರನ್ನು ಕೇಳುವ ಹಾಗೆ.

ಚೌಕ ಆ ಗಂಡಸಿನ ಕಿವಿಯ ಮೇಲೆ ಕೂತಿತು, ಅಲ್ಲಿ ಕಣ್ಣಿರಲಿಲ್ಲ. ಕಾಲರಿಗೆ ಬಂತು. ಕೈಬೆರಳಿಗೆ ಹೋಯಿತು. ಆರಿಹೋಯಿತು, ಮತ್ತೆ ಹತ್ತಿಕೊಂಡಿತು, ಮತ್ತೆ ಕಿವಿಯಿಂದ ಶುರುಮಾಡಿತು. ಮೇಕೆಮರಿಯ ಕಣ್ಣನ್ನು ಒಂದೇ ನೆಗೆತಕ್ಕೆ ಹಿಡಿದಿದ್ದ ಹಸಿರು ಚೌಕ ಕನ್ನಡಿಯಲ್ಲಿ ನಿಂತವನ ಮೈಮೇಲೆಲ್ಲ ತಡಕಾಡುತ್ತಿತ್ತು. ಅಮರೇಶ ಉಸಿರು ಬಿಗಿಹಿಡಿದು, ಈಗ ಸಿಕ್ಕೀತು, ಈಗ ಸಿಕ್ಕೀತು ಎಂದು ನೋಡುತ್ತಲೇ ಇದ್ದ.