ತಾರೀಖಿಗೆ ಮೂರು ಕೂಗು

ನಮ್ಮ ಬೀದಿಯ ಬೇಕರಿಯಲ್ಲಿ ಒಂದು ಅಭ್ಯಾಸವಿದೆ. ನೆನಪಿಡಬೇಕಾದ್ದನ್ನೆಲ್ಲ ಮೈದಾ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ಅದೇ ಬೀದಿಯ ಟೈಲರಣ್ಣನ ಮನೆಯಲ್ಲೇ ಇರುವ ಅವನ ಬಾಮೈದ ಅಲ್ಲಿ ಬ್ರೆಡ್ಡು ಮಾಡುವವನು. ಅವನು ತನ್ನ ಕೋರ್ಟಿನ ತಾರೀಖನ್ನೂ ಚೀಲದ ಮೇಲೆಯೇ ಬರೆದಿಟ್ಟ. ಆ ವಾರ ವ್ಯಾಪಾರ ಜೋರು. ಚೀಲ ಬೇಗ ಖಾಲಿಯಾಯಿತು, ಯಾರೋ ಅದನ್ನು ಮಡಚಿ ಮೂಲೆಗೆಸೆದರು. ತಾರೀಖೂ ಅದರ ಜೊತೆಗೇ ಹೋಯಿತು.

ಕೇಸು ದೊಡ್ಡದೇನಲ್ಲ. ಸೈಕಲ್ ನಿಲ್ಲಿಸುವ ಜಾಗಕ್ಕಾಗಿ ಕ್ಷೌರದಂಗಡಿಯವರ ಜೊತೆ ಜಗಳವಾಡಿ, ಕೋಪದಲ್ಲಿ ಅವರ ಅಂಗಡಿಯ ಕನ್ನಡಿ ಒಡೆದಿದ್ದ. ತಾರೀಖಿಗೆ ಹೋಗದಿದ್ದಾಗ ವಾರೆಂಟ್ ಬಂತು. ಹಿಟ್ಟು ಮೆತ್ತಿದ ಕೈಯಲ್ಲೇ ಪೊಲೀಸರು ಕರೆದೊಯ್ದರು. ಹತ್ತೊಂಬತ್ತು ದಿನದಿಂದ ಜೈಲಿನಲ್ಲಿದ್ದ. ಬೇಕರಿ ಯಜಮಾನ, "ಸೋಮವಾರದವರೆಗೆ ಕಾಯ್ತೀನಿ, ಆಮೇಲೆ ಬೇರೆಯವರನ್ನ ಇಟ್ಕೋತೀನಿ" ಎಂದುಬಿಟ್ಟಿದ್ದರು. ಅವನ ಅಕ್ಕ, ಅಂದರೆ ಟೈಲರಣ್ಣನ ಹೆಂಡತಿ, ಗುಂಡಿ ಹೊಲಿಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು.

ಶುಕ್ರವಾರ ಸಂಜೆ ಕಂಡಕ್ಟರಮ್ಮ ಟೈಲರಣ್ಣನ ಅಂಗಡಿಗೆ ಬಂದರು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತರಾದವರು. ಈಗ ಊರಿನ ಹತ್ತು ಜನರ ಜೊತೆ ಸೇರಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಸಮಿತಿ ನಡೆಸುತ್ತಾರೆ. ಜೈಲಿನಲ್ಲಿ ಇರಬೇಕಾಗಿಲ್ಲದವರನ್ನು ಹೊರಗೆ ತರುವುದು, ಬಂದವರು ತಾರೀಖು ತಪ್ಪಿಸದಂತೆ ನೋಡಿಕೊಳ್ಳುವುದು ಅವರ ಕೆಲಸ. ಸಂಬಳವಿಲ್ಲ, ಸನ್ಮಾನವಿಲ್ಲ. ಅವರನ್ನು ಕಂಡರೆ ನನಗೆ ಕೈಮುಗಿಯಬೇಕೆನಿಸುತ್ತದೆ. ಮುಗಿದರೆ ಬೈಯುತ್ತಾರೆ, ಅದಕ್ಕೇ ಸುಮ್ಮನಿದ್ದೇನೆ.

ಟೈಲರಣ್ಣ ಮಷಿನ್ ನಿಲ್ಲಿಸಲಿಲ್ಲ. "ಇರ್ಲಿ ಬಿಡಿ ಕಂಡಕ್ಟರಮ್ಮ. ಒಳಗಿದ್ರೆ ಬುದ್ಧಿ ಬರುತ್ತೆ."

"ಹತ್ತೊಂಬತ್ತು ದಿನ ಆಯ್ತಲ್ಲ, ಎಷ್ಟು ಬಂದಿದೆಯಂತೆ?"

ಅಳುತ್ತಿದ್ದ ಅಕ್ಕನಿಗೂ ನಗು ಬಂತು.

"ತಮಾಷೆ ಅಲ್ಲ. ತಪ್ಪು ಮಾಡಿದೋರು ಅನುಭವಿಸ್ಬೇಕು" ಎಂದ ಟೈಲರಣ್ಣ.

"ಕನ್ನಡಿ ವಿಷಯ ಕೋರ್ಟು ಇನ್ನೂ ತೀರ್ಮಾನ ಮಾಡಿಲ್ಲ ಅಣ್ಣ. ಅವನು ಒಳಗಿರೋದು ತಾರೀಖು ಮರೆತಿದ್ದಕ್ಕೆ. ಅಲ್ಲಿ ಹದಿನೈದು ಜನರ ಕೋಣೇಲಿ ನಲವತ್ತು ಜನ ಇದ್ದಾರೆ. ಮಗ್ಗುಲು ಬದಲಾಯಿಸ್ಬೇಕಂದ್ರೂ ಪಕ್ಕದವನ್ನ ಕೇಳ್ಬೇಕು."

"ಕ್ಷೌರದಂಗಡಿಯವರಿಗೆ ಆದ ನಷ್ಟ?"

"ಅವರನ್ನೇ ಮೊದಲು ಕೇಳ್ಕೊಂಡು ಬಂದೆ. 'ಅವನು ಒಳಗೆ ಕೂತ್ರೆ ನನ್ನ ಕನ್ನಡಿ ಕೂಡ್ಕೊಳ್ಳುತ್ತಾ? ಗಿರಾಕಿಗಳಿಗೆ ಎರಡೆರಡು ಮೂಗು ಕಾಣ್ತಿದೆ. ನನಗೆ ಕನ್ನಡಿ ಬೇಕು, ಅವನ ಜೈಲು ಬೇಡ' ಅಂದ್ರು."

"ಬಿಟ್ರೆ ಮತ್ತೆ ತಪ್ಪಿಸ್ತಾನೆ."

"ನನ್ನ ಬಸ್ಸಲ್ಲಿ ನಿದ್ದೆ ಹೊಡೆಯೋರಿಗೂ ಸ್ಟಾಪ್ ತಪ್ತಿರ್ಲಿಲ್ಲ. ಮೂರು ಸಲ ಕೂಗ್ತಿದ್ದೆ. ಈಗಲೂ ಅಷ್ಟೇ. ವಾರ ಮುಂಚೆ ಒಂದು ಕೂಗು, ಹಿಂದಿನ ದಿನ ಒಂದು, ಅವತ್ತು ಬೆಳಿಗ್ಗೆ ಬಾಗಿಲಿಗೇ ಬಂದು ಇನ್ನೊಂದು. ಹೋದ ವರ್ಷ ನಾವು ಕೂಗಿದ ಅರವತ್ತೆರಡು ಜನರಲ್ಲಿ ಅರವತ್ತು ಜನ ಹಾಜರಾದ್ರು."

"ಇನ್ನಿಬ್ರು?" ಟೈಲರಣ್ಣ ಪಟ್ಟು ಬಿಡಲಿಲ್ಲ.

"ಒಬ್ಬರು ಆಸ್ಪತ್ರೇಲಿದ್ರು. ಇನ್ನೊಬ್ಬ ಓಡಿಹೋದ. ಸುಳ್ಳು ಯಾಕೆ ಹೇಳ್ಲಿ?"

ಆಗ ಮಷಿನ್ ನಿಂತಿತು.

"ನಾಳೆ ನನ್ನ ಜೊತೆ ಬನ್ನಿ. ಕಣ್ಣಾರೆ ನೋಡಿ, ಆಮೇಲೆ ಮಾತಾಡೋಣ" ಎಂದು ಕಂಡಕ್ಟರಮ್ಮ ಎದ್ದರು.

ಮರುದಿನ ಇಬ್ಬರೂ ಜೈಲಿಗೆ ಹೋದರು. ಭೇಟಿಯ ಕೋಣೆಯಲ್ಲಿ ಒಂದು ದೊಡ್ಡ ಕಿಟಕಿ. ಎರಡು ವರ್ಷ ಅರ್ಜಿ ಮೇಲೆ ಅರ್ಜಿ ಬರೆದು ಸಮಿತಿಯವರು ಇಡಿಸಿದ ಕಿಟಕಿ ಅದು. ವಾರಕ್ಕೊಮ್ಮೆ ಡಾಕ್ಟರು ಬರುವಂತೆ ಮಾಡಿದ್ದೂ ಅವರೇ. ಆ ಬೆಳಕಿನಲ್ಲಿ ಬಾಮೈದ ಬಂದು ನಿಂತ.

"ಭಾವಾ, ನೀವಾ? ಅಕ್ಕ ಹೇಗಿದ್ದಾಳೆ?"

ಟೈಲರಣ್ಣನ ಕಣ್ಣು ಅವನ ಅಂಗಿಯ ಕಾಲರಿನ ಮೇಲಿತ್ತು. ತಾನೇ ಅಳತೆ ತೆಗೆದು ಹೊಲಿದ ಅಂಗಿ. ಈಗ ಕಾಲರಿನೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ. ಜೈಲೆಂದರೇನೆಂದು ಯಾರ ಮಾತಿನಿಂದಲೂ ತಿಳಿಯದಿದ್ದದ್ದು ಅವನಿಗೆ ಆ ಎರಡು ಬೆರಳಿನಲ್ಲಿ ತಿಳಿಯಿತು. ಹೊರಗೆ ಬಂದವನೇ ಹೇಳಿದ, "ಇನ್ನು ಅಳತೆ ಕಮ್ಮಿ ಆಗಬಾರದು ಕಂಡಕ್ಟರಮ್ಮ. ಏನು ಮಾಡ್ಬೇಕು ಹೇಳಿ."

ಸೋಮವಾರ ಸಮಿತಿಯ ವಕೀಲರು ಕೋರ್ಟಿಗೆ ಎಲ್ಲವನ್ನೂ ವಿವರಿಸಿದರು. ನ್ಯಾಯಾಧೀಶರು, "ಬಿಟ್ಟರೆ ಮುಂದಿನ ತಾರೀಖಿಗೆ ಕರೆತರುವವರು ಯಾರು?" ಎಂದು ಕೇಳಿದರು. ಕಂಡಕ್ಟರಮ್ಮ ಏಳುವಷ್ಟರಲ್ಲಿ ಟೈಲರಣ್ಣ ಎದ್ದು ನಿಂತಿದ್ದ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ನಾನು ಸ್ವಾಮಿ. ಇವರೂ ಇದ್ದಾರೆ."

ಅಂದು ಸಂಜೆಯೇ ಬಾಮೈದ ಬೇಕರಿಯ ಒಲೆಯ ಮುಂದಿದ್ದ. ಈ ಸಲ ತಾರೀಖನ್ನು ಚೀಲದ ಮೇಲಲ್ಲ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ.

ತಾರೀಖಿಗೆ ವಾರ ಮುಂಚೆ ಕಂಡಕ್ಟರಮ್ಮ ಮೊದಲ ಕೂಗು ಹಾಕಿದರು. ಹಿಂದಿನ ದಿನ ಎರಡನೆಯದು. ಆ ದಿನ ಬೆಳಿಗ್ಗೆ ಮೂರನೆಯದಕ್ಕೆ ಬಂದರೆ ಟೈಲರಣ್ಣನ ಮನೆಗೂ ಬೀಗ, ಅಂಗಡಿಗೂ ಬೀಗ. ಕಂಡಕ್ಟರಮ್ಮ ಓಡೋಡಿ ಕೋರ್ಟಿಗೆ ಹೋದರು. ಮೆಟ್ಟಿಲ ಮೇಲೆ ಟೈಲರಣ್ಣ, ಅವನ ಹೆಂಡತಿ, ಬಾಮೈದ, ಜೊತೆಗೆ ಕ್ಷೌರದಂಗಡಿಯವರೂ ಬಿಸಿ ಬ್ರೆಡ್ಡು ಹಂಚಿಕೊಂಡು ತಿನ್ನುತ್ತಾ ಕೂತಿದ್ದರು.

"ಇವತ್ತು ನೀವೇ ಲೇಟು ಕಂಡಕ್ಟರಮ್ಮ!" ಎಂದ ಟೈಲರಣ್ಣ.

ಬಾಮೈದ ಆಗಲೇ ಹೊಸ ಕನ್ನಡಿ ಹಾಕಿಸಿಕೊಟ್ಟಿದ್ದ. ಕ್ಷೌರದಂಗಡಿಯವರು ರಾಜಿಗೆ ಒಪ್ಪಿದರು. ಕೇಸು ಮುಗಿಯಿತು. ಈಗ ವಾರಕ್ಕೆರಡು ಸಂಜೆ ಟೈಲರಣ್ಣನೂ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿರುತ್ತಾನೆ. ಅವನ ಕೂಗು ಕಂಡಕ್ಟರಮ್ಮನ ಕೂಗಿಗಿಂತ ಜೋರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಯಾರಿಗೋ ಒಂದು ತಾರೀಖು ಇದ್ದೇ ಇರುತ್ತದೆ. ನಾಚಿಕೆಯಿಂದ ಅವರು ಬಾಯಿ ಬಿಡುವುದಿಲ್ಲ. ನೀವೇ ಕೇಳಿ. ವಕೀಲರಿಲ್ಲದಿದ್ದರೆ ಉಚಿತ ಕಾನೂನು ನೆರವು ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಡಿ. ತಾರೀಖಿನ ದಿನ ಬೆಳಿಗ್ಗೆ ಅವರ ಬಾಗಿಲಿಗೆ ಹೋಗಿ ಒಂದು ಕೂಗು ಹಾಕಿ. ಅಂಗಿ ಸಡಿಲವಾಗುವವರೆಗೆ ಕಾಯಬೇಡಿ.