ಅರವತ್ತನಾಲ್ಕನೇ ಪುಟದ ಹಸಿರು

ಗೈದಾಳ ಇತಿಹಾಸದ ಪುಸ್ತಕ ಹನ್ನೆರಡನೇ ತರಗತಿಯಲ್ಲೆಲ್ಲ ಹೆಸರುವಾಸಿಯಾಗಿತ್ತು. ಕುವೈತಿನಲ್ಲಿದ್ದ ಅತ್ತೆ ಬೇಸಿಗೆ ರಜೆಗೆ ಸಲ್ತ್ ಊರಿಗೆ ಬಂದಾಗ ಐದು ಬಣ್ಣದ ಹೈಲೈಟರ್ ಪೆನ್ನುಗಳ ಪೆಟ್ಟಿಗೆಯೊಂದನ್ನು ತಂದುಕೊಟ್ಟಿದ್ದರು. ಅಂದಿನಿಂದ ಗೈದಾ ಓದಲು ಕೂತಳೆಂದರೆ ಪುಟದ ಮೇಲೆ ಬಣ್ಣದ ಮಳೆ. ಇಸವಿಗಳಿಗೆ ಹಳದಿ, ಹೆಸರುಗಳಿಗೆ ಗುಲಾಬಿ, ಕಾರಣಗಳಿಗೆ ಹಸಿರು, ಪರಿಣಾಮಗಳಿಗೆ ಕಿತ್ತಳೆ. ನೀಲಿ ಯಾವುದಕ್ಕೆ ಎಂದು ಅವಳಿಗೂ ಗೊತ್ತಿರಲಿಲ್ಲ. ಚೆಂದವಾಗಿತ್ತು, ಹಾಗಾಗಿ ಉಳಿದ ಜಾಗಕ್ಕೆಲ್ಲ ಬಳಿದಿದ್ದಳು. ಗೆಳತಿಯರು ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು "ಅಯ್ಯೋ, ಎಷ್ಟು ಓದ್ತೀಯೇ ನೀನು!" ಎಂದು ನಿಟ್ಟುಸಿರು ಬಿಡುತ್ತಿದ್ದರು. ಗೈದಾಳಿಗೂ ತಾನು ಬಹಳ ಓದುತ್ತಿದ್ದೇನೆ ಎಂಬ ನಂಬಿಕೆ ಗಟ್ಟಿಯಾಗಿತ್ತು. ಶಾಲಾ ವರ್ಷದ ಕೊನೆಗೆ ತೌಜೀಹಿ ಪರೀಕ್ಷೆ. ಅದು ಮುಗಿದರೆ ವಿಶ್ವವಿದ್ಯಾಲಯ.

ಚಳಿಗಾಲದಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳು ಬಂದವು. ಗೈದಾಳಿಗೆ ಮೂವತ್ತಕ್ಕೆ ಒಂಬತ್ತು.

ಅವಳು ಪತ್ರಿಕೆ ಹಿಡಿದು ಇತಿಹಾಸದ ಇತಿದಾಲ್ ಮಿಸ್ ಮೇಜಿನ ಬಳಿ ಹೋಗಿ ನಿಂತಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡೇ ಮಾತಾಡುವ ಹೆಂಗಸು ಆಕೆ. ಇಪ್ಪತ್ತೆರಡು ವರ್ಷದಿಂದ ಅದೇ ಶಾಲೆಯಲ್ಲಿ ಪಾಠ ಹೇಳಿ ಯಾವ ನೆಪಕ್ಕೂ ಬೆರಗಾಗದಷ್ಟು ಪಳಗಿದ್ದರು.

"ಮಿಸ್, ಈ ನಾಲ್ಕನೇ ಪ್ರಶ್ನೆ ನಂಗೆ ಗೊತ್ತಿತ್ತು. ಆಣೆ ಮಾಡ್ತೀನಿ."

"ಗೊತ್ತಿದ್ರೆ ಬರೀಬೇಕಿತ್ತಲ್ಲಮ್ಮ. ನಾನೇನು ಬೇಡ ಅಂದ್ನಾ?"

"ಅರವತ್ತನಾಲ್ಕನೇ ಪುಟ ಮಿಸ್. ಕೆಳಗಡೆ, ಎಡಕ್ಕೆ. ಹಸಿರಲ್ಲಿದೆ."

"ಸರಿ. ಏನಿದೆ ಅಲ್ಲಿ?"

ಗೈದಾ ಕಣ್ಣು ಮುಚ್ಚಿದಳು. ಪುಟವೇನೋ ಕಣ್ಣ ಮುಂದೆ ಬಂತು. "ಹಸಿರು, ಮಿಸ್" ಎಂದಳು.

ತರಗತಿ ಬಿದ್ದು ಬಿದ್ದು ನಕ್ಕಿತು. ಪಕ್ಕದ ಜಾಗದ ರವಂದ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವಳಿಗೆ ಬಂದದ್ದು ಎಂಟು, ಆದರೆ ಅದು ಅವಳ ನಗುವಿಗೆ ಎಂದೂ ಅಡ್ಡ ಬಂದದ್ದಿಲ್ಲ.

ಮಿಸ್ ನಗಲಿಲ್ಲ. "ಆ ಪುಸ್ತಕ ತಗೊಂಡ್ಬಾ. ರವಂದ್, ನೀನೇ ಓದು. ಅರವತ್ತನಾಲ್ಕನೇ ಪುಟ. ಬಣ್ಣ ಇರೋದನ್ನ ಮಾತ್ರ ಓದ್ಬೇಕು, ಬಿಳಿ ಇರೋದು ಬೇಡ."

ರವಂದ್ ಎದ್ದು ನಿಂತು ಶುರುಮಾಡಿದಳು. ಓದಿದಳು, ಓದಿದಳು, ಉಸಿರು ಎಳೆದುಕೊಂಡು ಮತ್ತೆ ಓದಿದಳು. ಹಿಂದಿನ ಸಾಲಿನ ಹುಡುಗಿಯರು ಆಕಳಿಸತೊಡಗಿದರು.

"ಮಿಸ್, ಚಿತ್ರದ ಕೆಳಗೆ 'ನಕ್ಷೆಯನ್ನು ಗಮನಿಸಿ' ಅಂತಿದೆ. ಅದಕ್ಕೂ ನೀಲಿ. ಓದ್ಲಾ?"

"ಓದು."

"ಪುಟದ ನಂಬರ್‌ಗೂ ಗುಲಾಬಿ ಹಚ್ಚಿದಾಳೆ ಮಿಸ್."

"ಅದನ್ನೂ ಓದು. ಮುಖ್ಯ ಇರ್ಬೇಕು."

ಮಿಸ್ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಮದುವೆ ಹೆಣ್ಣಿಗೆ ಮದರಂಗಿ ಹಚ್ಚೋರೂ ಮುಖ ಬಿಟ್ಟು ಹಚ್ತಾರೆ ಕಣಮ್ಮ. ನೀನು ಏನನ್ನೂ ಬಿಟ್ಟಿಲ್ಲ" ಎಂದರು. ಆಮೇಲೆ ರವಂದಳ ಪುಸ್ತಕವನ್ನೂ ತರಿಸಿದರು. ಅದರಲ್ಲಿ ಗೆರೆಯೇ ಇರಲಿಲ್ಲ. ಒಬ್ಬ ಸುಲ್ತಾನನಿಗೆ ಮಾತ್ರ ಪೆನ್ಸಿಲಿನಲ್ಲಿ ಕನ್ನಡಕ ಹಾಕಿತ್ತು, ಥೇಟ್ ಇತಿದಾಲ್ ಮಿಸ್ ಹಾಕಿಕೊಳ್ಳುವ ಹಾಗೆ ಮೂಗಿನ ತುದಿಗೆ. ಮಿಸ್ ಅದನ್ನು ನೋಡಿ, ತಮ್ಮ ಕನ್ನಡಕವನ್ನು ಮೇಲಕ್ಕೇರಿಸಿಕೊಂಡು ಪುಸ್ತಕ ಮುಚ್ಚಿಟ್ಟರು. ಈಗ ರವಂದಳನ್ನು ನೋಡಿ ನಗುವ ಸರದಿ ಉಳಿದವರದಾಯಿತು.

ಗಂಟೆ ಹೊಡೆದು ಎಲ್ಲರೂ ಹೊರಟರೂ ಗೈದಾ ಏಳಲಿಲ್ಲ.

"ನಾಲ್ಕು ತಿಂಗಳು ಕೂತು ಮಾಡಿದ್ದು ಮಿಸ್" ಎಂದಳು.

ಇತಿದಾಲ್ ಮಿಸ್ ಬಂದು ಎದುರಿನ ಬೆಂಚಿನಲ್ಲಿ ಕೂತರು. "ಕಷ್ಟಪಟ್ಟಿಲ್ಲ ಅಂತ ನಾನು ಹೇಳ್ಲಿಲ್ಲಮ್ಮ. ಕಷ್ಟಪಟ್ಟಿದ್ದು ನಿನ್ನ ಕೈ. ಕೈ ಗೆರೆ ಎಳೀತಾ ಇರುತ್ತೆ, ತಲೆ ಬಾಲ್ಕನಿಯಲ್ಲಿ ಕೂತ್ಕೊಂಡು ಚಹಾ ಕುಡೀತಾ ಇರುತ್ತೆ. ಸಂಜೆಗೆ ಇಬ್ರಿಗೂ ಸುಸ್ತಾಗಿದೆ ಅನ್ನಿಸುತ್ತೆ, ಅಷ್ಟೇ." ಅಲಮಾರಿಯಿಂದ ಅದೇ ಪಠ್ಯದ ಹೊಸ ಪ್ರತಿಯೊಂದನ್ನು ತೆಗೆದು ಕೊಟ್ಟರು. "ಆ ಪುಸ್ತಕ ಇನ್ನು ಓದೋಕೆ ಬರಲ್ಲ. ಅದನ್ನ ಮನೇಲಿ ಚೆಂದಕ್ಕೆ ಇಟ್ಕೋ. ನಾಳೆ ಇದನ್ನ ತಾ."

ಮರುದಿನ ಮಿಸ್ ಪಾಠವನ್ನೇ ಮಾಡಲಿಲ್ಲ. ಹೇಗೆ ಓದಬೇಕೆಂದು ತೋರಿಸುತ್ತೇನೆ ಎಂದರು.

"ಎಲ್ರೂ ಪೆನ್ ಕೆಳಗಿಡಿ. ಎರಡೂ ಕೈ ತೊಡೆ ಕೆಳಗೆ. ಹಾಂ, ಕೈ ಮೇಲೇ ಕೂತ್ಕೊಳ್ಳಿ. ಈಗ ಓದಿ."

"ಪುಟ ತಿರುಗಿಸೋದು ಹೇಗೆ ಮಿಸ್? ಮೂಗಲ್ಲಾ?" ಎಂದಳು ರವಂದ್.

"ನೀನು ಮೊದಲು ಒಂದು ಪುಟ ಮುಗಿಸಮ್ಮ. ತಿರುಗಿಸೋಕೆ ನಾನೇ ಬರ್ತೀನಿ."

ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿದರು. ಓದಿದ್ದನ್ನು ಪಕ್ಕದವಳಿಗೆ ಬಾಯಲ್ಲಿ ಹೇಳಬೇಕು. ಎಲ್ಲಿ ತಡವರಿಸಿತೋ, ಯಾವುದು ಜಾರಿಹೋಯಿತೋ ನೆನಪಿಟ್ಟುಕೊಳ್ಳಬೇಕು. ಆಮೇಲೆ ಪುಸ್ತಕ ತೆರೆದು ಅದನ್ನು ಮಾತ್ರ ಗುರುತು ಮಾಡಬೇಕು. ಅದೂ ಇಡೀ ವಾಕ್ಯವನ್ನಲ್ಲ. ಯಾವ ಪದ ಹಿಡಿದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೋ ಆ ಪದವನ್ನು. ಒಂದು ಪುಟಕ್ಕೆ ಐದಾರು ಸಾಕು.

ಗೈದಾಳಿಗೆ ಕೈ ಕಟ್ಟಿಹಾಕಿದಂತಾಯಿತು. ಪೆನ್ನು ಹಿಡಿಯಲು ಬಿಟ್ಟ ಕೂಡಲೇ ಬೆರಳು ತಾನೇ ಓಡಿ ಒಂದಿಡೀ ಸಾಲನ್ನು ಹಳದಿ ಮಾಡಿಬಿಟ್ಟಿತು. ಮಿಸ್ ಹಿಂದೆಯೇ ನಿಂತಿದ್ದರು.

"ಈ 'ಮತ್ತು' ಯಾಕಮ್ಮ ಹಳದಿ?"

ಗೈದಾ ಪೆನ್ನಿಗೆ ಮುಚ್ಚಳ ಹಾಕಿದಳು.

"'ಮತ್ತು' ಮರೆತುಹೋಗುತ್ತಾ ನಿಂಗೆ?"

"ಇಲ್ಲ ಮಿಸ್."

"ಹಾಗಾದ್ರೆ ಅದನ್ನ ಪಾಪ ಅದರ ಪಾಡಿಗೆ ಬಿಡು."

ಶಾಲೆಯಲ್ಲಿ ಹೇಳಲು ರವಂದ್ ಇದ್ದಳು. ಮನೆಯಲ್ಲಿ ಯಾರಿಗೆ ಹೇಳುವುದು? ಅಮ್ಮ ಆಸ್ಪತ್ರೆಯ ಕೆಲಸದಿಂದ ಸಂಜೆ ತಡವಾಗಿ ಬರುತ್ತಿದ್ದಳು. ಇದ್ದವಳು ಅಜ್ಜಿ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂದು ಅಂಗಳದಲ್ಲಿ ಕೂತು ಮುಲೂಖಿಯಾ ಸೊಪ್ಪಿನ ಎಲೆ ಬಿಡಿಸುತ್ತಿದ್ದಳು. ಗೈದಾ ರೈಲಿನ ಪಾಠ ಓದಿ, ಪುಸ್ತಕವನ್ನು ಒಳಗೇ ಬಿಟ್ಟು ಬಂದು ಎದುರಿಗೆ ಕೂತಳು.

"ಅಜ್ಜಿ, ನಿಂಗೊಂದು ಪಾಠ ಹೇಳ್ತೀನಿ."

"ಹೇಳು. ಕೈ ಖಾಲಿ ಇದ್ರೆ ಎಲೆನೂ ಬಿಡಿಸು."

"ಸುಲ್ತಾನ ಡಮಾಸ್ಕಸ್‌ನಿಂದ ಮದೀನಾಕ್ಕೆ ರೈಲು ಹಾಕಿಸಿದ. ಹಜ್‌ಗೆ ಹೋಗೋರಿಗೆ ಅನುಕೂಲ ಆಗ್ಲಿ ಅಂತ. ಮೊದಲು ಒಂಟೆ ಮೇಲೆ ನಲವತ್ತು ದಿನ ಹಿಡೀತಿತ್ತು."

"ಒಳ್ಳೆ ಕೆಲಸ. ಅಷ್ಟಕ್ಕೇನಾ ಹಾಕಿಸಿದ್ದು? ಅವನಿಗೇನು ಲಾಭ?"

ಗೈದಾ ಎದ್ದಳು. ಒಳಗೆ ಓಡಿ ಪುಸ್ತಕ ತೆರೆದಳು. 'ಸೈನ್ಯ' ಎಂದಿತ್ತು. ದೂರದ ಸೀಮೆಗಳಿಗೆ ಸೈನ್ಯವನ್ನು ಬೇಗ ಸಾಗಿಸಿ ಹಿಡಿತ ಬಿಗಿಮಾಡಲು. ಅದೇ ವಾಕ್ಯವನ್ನು ಹಳೆಯ ಪುಸ್ತಕದಲ್ಲಿ ಅವಳು ಮೂರು ಬಣ್ಣದಲ್ಲಿ ಬಳಿದಿದ್ದಳು. ಈಗ ಆ ಒಂದು ಪದಕ್ಕೆ ಬಣ್ಣ ಹಚ್ಚಿ ಹೊರಗೆ ಬಂದಳು.

"ಸೈನಿಕರನ್ನ ಕಳಿಸೋಕೆ ಅಜ್ಜಿ."

"ಅದಪ್ಪ ಮಾತು. ಸರಿ, ಆ ಒಂಟೆಯವರು ಸುಮ್ನಿದ್ರಾ? ಅವರ ಹೊಟ್ಟೆಪಾಡು?"

ಮತ್ತೆ ಒಳಗೆ. ಅದೂ ಇತ್ತು! ಯಾತ್ರಿಕರಿಗೆ ಒಂಟೆ ಕೊಟ್ಟು, ಕಾವಲು ಕೊಟ್ಟು ಬದುಕುತ್ತಿದ್ದ ಮರುಭೂಮಿಯ ಬದೂವಿ ಜನ ರೈಲನ್ನು ವಿರೋಧಿಸಿದರು, ದಾಳಿ ಮಾಡಿದರು. ಗೈದಾ 'ಒಂಟೆ' ಎಂಬ ಪದವೊಂದಕ್ಕೆ ಹಸಿರು ಹಚ್ಚಿದಳು. ಅಂದು ಅವಳು ಐದು ಸಲ ಒಳಗೆ ಹೊರಗೆ ಓಡಾಡಿದಳು.

"ನಿಮ್ಮ ಮಿಸ್‌ಗೆ ಕೊಡೋ ಸಂಬಳದಲ್ಲಿ ನಂಗೂ ಸ್ವಲ್ಪ ಬರ್ಬೇಕು ಕಣೇ" ಎಂದಳು ಅಜ್ಜಿ, ಸೊಪ್ಪು ಒದರಿ ಏಳುತ್ತ.

ಮಾರ್ಚ್ ತಿಂಗಳಲ್ಲಿ ಶಿಕ್ಷಣ ಇಲಾಖೆಯಿಂದ ತಪಾಸಣೆಗೆ ಒಬ್ಬರು ಮೇಡಂ ಬಂದರು. ಮುಖ್ಯೋಪಾಧ್ಯಾಯಿನಿ ಅವರನ್ನು ನೇರ ಇತಿಹಾಸದ ತರಗತಿಗೆ ಕರೆತಂದು, "ನಮ್ಮ ಮಕ್ಕಳು ಹೇಗೆ ಓದ್ತಾರೆ ನೋಡಿ ಮೇಡಂ. ಗೈದಾ, ನಿನ್ನ ಪುಸ್ತಕ ತೋರ್ಸಮ್ಮ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಆ ಬಣ್ಣದ ಪುಸ್ತಕ. ಗೈದಾ ಚೀಲದಿಂದ ತೆಗೆದದ್ದು ಈ ಬಿಳಿಯದು. ಮುಖ್ಯೋಪಾಧ್ಯಾಯಿನಿಯ ಮುಖ ಪುಸ್ತಕಕ್ಕಿಂತ ಬಿಳಿಯಾಯಿತು.

ಮೇಡಂ ನಾಲ್ಕೈದು ಪುಟ ಮಗುಚಿದರು. "ಪುಟಕ್ಕೆ ಐದು ಪದ. ತೌಜೀಹಿಗೆ ಮೂರು ತಿಂಗಳೂ ಇಲ್ಲ. ಇನ್ನೂ ಓದೋಕೆ ಶುರುಮಾಡಿಲ್ವಾ ನೀನು?"

ಗೈದಾ ಇತಿದಾಲ್ ಮಿಸ್ ಕಡೆ ನೋಡಿದಳು. ಮಿಸ್ ಕಿಟಕಿಯಾಚೆ ಬಹಳ ಆಸಕ್ತಿಯಿಂದ ಏನನ್ನೋ ನೋಡುತ್ತಿದ್ದರು.

"ಇದೇನು, 'ಒಂಟೆ' ಅನ್ನೋದಕ್ಕೆ ಬಣ್ಣ? ಒಂಟೆ ಅಂದ್ರೆ ಏನು ಅಂತ ಗೊತ್ತಿಲ್ವಾ?"

"ಗೊತ್ತು ಮೇಡಂ" ಎಂದಳು ಗೈದಾ. ಎದುರಿಗಿರುವುದು ಮೇಡಂ ಅಲ್ಲ, ಅಜ್ಜಿ ಎಂದುಕೊಂಡಳು. ಒಂಟೆಯಿಂದ ಶುರುಮಾಡಿ ಕಾವಲಿನ ಜನ, ಹಳಿ, ಸೈನ್ಯ, ಸುಲ್ತಾನ ಎಂದು ಪಾಠವನ್ನು ಹಿಂದುಮುಂದಾಗಿ ಹೇಳಿ ಮುಗಿಸಿದಳು. ಪುಸ್ತಕ ಅಷ್ಟು ಹೊತ್ತೂ ಮೇಡಂ ಕೈಯಲ್ಲೇ ಇತ್ತು. ಮೇಡಂ ಅದನ್ನು ನೋಡಿ ತಾಳೆ ಹಾಕುವುದನ್ನು ನಡುವೆಯೇ ಮರೆತು ಸುಮ್ಮನೆ ಕೇಳುತ್ತಿದ್ದರು.

ಪುಸ್ತಕ ಹಿಂತಿರುಗಿಸಿ, ಟಿಪ್ಪಣಿ ಬರೆಯಲು ತಮ್ಮ ಕಡತ ತೆರೆದರು. ಇಲಾಖೆಯ ಸುತ್ತೋಲೆ ಮೇಲಿನಿಂದ ಕೆಳಗಿನವರೆಗೆ ಒಂದು ಸಾಲೂ ಬಿಡದೆ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತಿತ್ತು. ಮುಂದಿನ ಬೆಂಚಿನಲ್ಲಿದ್ದ ರವಂದ್ ಕತ್ತು ಚಾಚಿದಳು.

"ಮೇಡಂ, ಅದ್ರಲ್ಲಿ 'ಮತ್ತು'ಗೂ ಹಚ್ಚಿದೀರ."

ಮೇಡಂ ಕಡತವನ್ನೊಮ್ಮೆ, ರವಂದಳನ್ನೊಮ್ಮೆ ನೋಡಿದರು. ಆಮೇಲೆ ತಡೆಯಲಾರದೆ ನಕ್ಕುಬಿಟ್ಟರು. "ಈ ಹುಡುಗೀನ ಯಾರು ತಯಾರು ಮಾಡಿದ್ದು?" ಎಂದು ರವಂದಳತ್ತ ಬೆರಳು ಮಾಡಿ ಕೇಳಿದಾಗ ಇತಿದಾಲ್ ಮಿಸ್ "ಹುಟ್ಟುತ್ತಲೇ ಹಾಗೆ ಮೇಡಂ. ನಾನು ತಡೆಯೋ ಪ್ರಯತ್ನ ಮಾಡ್ತಿದೀನಿ" ಎಂದರು.

ಏಪ್ರಿಲಿನ ಪರೀಕ್ಷೆಯಲ್ಲಿ ಗೈದಾಳಿಗೆ ಇಪ್ಪತ್ತೆರಡು ಬಂತು. ರವಂದಳಿಗೆ ಹತ್ತೊಂಬತ್ತು. ಆದರೂ ಗೈದಾ ಮೋರೆ ಚಿಕ್ಕದು ಮಾಡಿಕೊಂಡು ಮಿಸ್ ಮೇಜಿನ ಬಳಿ ಬಂದಳು.

"ಒಂದು ಪ್ರಶ್ನೆ ಪೂರ್ತಿ ಹೋಯ್ತು ಮಿಸ್. ಚೆನ್ನಾಗಿ ಗೊತ್ತು ಅಂತ ಏನೂ ಗುರುತು ಮಾಡಿರ್ಲಿಲ್ಲ. ವಾಪಸ್ ನೋಡ್ಲೂ ಇಲ್ಲ. ಅದೇ ಕೈಕೊಡ್ತು."

"ವಾರಕ್ಕೊಂದು ಸಲ ಗೊತ್ತಿರೋದನ್ನೂ ಯಾರಿಗಾದ್ರೂ ಹೇಳಿ ನೋಡ್ಬೇಕಮ್ಮ. ಗೊತ್ತು ಅನ್ನೋದು ಬಹಳ ಮೋಸದ ಮಾತು. ನಾನು ತೌಜೀಹಿ ಬರೆದಾಗ ನಂಗೂ ಹಾಗೇ ಆಗಿತ್ತು."

ಗೈದಾಳ ಮುಖ ಅರಳಿತು. "ಹೌದಾ ಮಿಸ್? ನಿಮಗೆ ಇತಿಹಾಸದಲ್ಲಿ ಎಷ್ಟು ಬಂದಿತ್ತು?"

ಇತಿದಾಲ್ ಮಿಸ್ ಕನ್ನಡಕ ತೆಗೆದು ಸೆರಗಿನಂತೆ ಇಳಿದಿದ್ದ ತಲೆವಸ್ತ್ರದ ಅಂಚಿನಿಂದ ಬಹಳ ಹೊತ್ತು ಒರೆಸಿದರು.

"ಗಂಟೆ ಹೊಡೀತು" ಎಂದರು. "ಮನೆಗೆ ಹೋಗು."

ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು.