ಸಂತ ಫೆಟಿಡಾ

ನಮ್ಮ ಸಸ್ಯತೋಟದ ಗೇಟಿನ ಮರಕ್ಕೂ ಬೇಲಿಯ ಬಳ್ಳಿಗೂ ಯಾವ ನೆಂಟಸ್ತನವೂ ಇಲ್ಲ. ಆದರೂ ಎರಡರ ಫಲಕದಲ್ಲೂ ಸಸ್ಯಶಾಸ್ತ್ರದ ಹೆಸರಿನ ಕೊನೆಯ ಪದ ಒಂದೇ: ಫೆಟಿಡಾ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಒಣಗಿಸಿಟ್ಟ ಇಂಗಿನ ಗಿಡಕ್ಕೂ ಅದೇ. ಲ್ಯಾಟಿನ್ನಿನಲ್ಲಿ ಅದಕ್ಕೆ ನಾರುವುದು ಎಂದರ್ಥವಂತೆ. ಆಗ ತೋಟದಲ್ಲಿ ಅದು ಗೊತ್ತಿದ್ದವನು ಮುಖ್ಯಸ್ಥ ಡಾಕ್ಟರ್ ಸೆಕಿತೊಲೆಕೊ ಒಬ್ಬನೇ.

ಕಸ ಗುಡಿಸುವ ಕಬಜುಂಗು ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ಎಲ್ಲರಂತೆ ಲ್ಯಾಟಿನ್ ಸಂತರ ಹೆಸರಿಟ್ಟಿದ್ದಳು, ಫಾರ್ಚುನಾಟಾ, ಪರ್ಪೆಚುವಾ ಎಂದು. ಇಬ್ಬರೂ ಚಳಿಜ್ವರಕ್ಕೆ ಹೋದರು. ಮೂರನೆಯದನ್ನು ಬೆನ್ನಿಗೆ ಕಟ್ಟಿಕೊಂಡು ಅವಳು ಡಾಕ್ಟರನ ಬಳಿ ಬಂದಳು.

"ಸಾರ್, ಈ ಫೆಟಿಡಾ ಯಾವ ಸಂತಮ್ಮ? ಮರಕ್ಕೂ ಬಳ್ಳಿಗೂ ಅವಳ ಹೆಸ್ರೇ ಇಟ್ಟಿದೀರಲ್ಲ, ಭಾರೀ ದೊಡ್ಡವಳೇ ಇರ್ಬೇಕು."

ಆ ಪುಣ್ಯಾತ್ಮ ನಗು ನುಂಗಿಕೊಂಡ. "ಸುಗಂಧದ ಸಂತಮ್ಮ ಕಣೇ. ಇಡು, ಇಡು. ಜ್ಞಾನಸ್ನಾನಕ್ಕೆ ನಾನೂ ಬರ್ತೀನಿ."

ಬಂದ. ಇಬ್ಬರು ಗೆಳೆಯರನ್ನೂ ಕಟ್ಟಿಕೊಂಡು ಚರ್ಚಿನ ಮುಂದಿನ ಬೆಂಚಿನಲ್ಲೇ ಕೂತ.

"ಮಗೂ ಹೆಸ್ರು?" ಎಂದರು ಫಾದರ್ ಲುವಂಬೊ.

"ಫೆಟಿಡಾ."

ಸೆಮಿನರಿಯಲ್ಲಿ ಲ್ಯಾಟಿನ್ ಕಲಿತಿದ್ದ ಆ ಮುದಿ ಫಾದರ್ ಸಿಡುಕಿದರು. "ಥೂ! ನಾತ ಹೊಡೆಯೋಳು ಅಂತ ಅರ್ಥ ಅದು. ಬುದ್ಧಿ ನೆಟ್ಟಗಿದೆಯೇನೇ ನಿಂಗೆ?"

ಮುಂದಿನ ಬೆಂಚು ಕಿಸಕ್ಕೆಂದಿತು, ಆಮೇಲೆ ಇಡೀ ಚರ್ಚು. ತೋಟದ ಕೆಲಸದವರ ಜೊತೆ ಹಿಂದೆ ಕೂತಿದ್ದ ನನಗೆ ಮೈಯೆಲ್ಲ ಉರಿದುಹೋಯಿತು.

ಕಬಜುಂಗು ಮಗುವಿನ ಮುಖವನ್ನೊಮ್ಮೆ ನೋಡಿದಳು. "ಅದೇ ಇರ್ಲಿ ಫಾದರ್. ಫಾರ್ಚುನಾಟಾ ಅಂದ್ರೆ ಅದೃಷ್ಟವಂತೆ ಅಂದ್ರಿ, ಇಟ್ಟೆ, ಸತ್ಲು. ಪರ್ಪೆಚುವಾ ಅಂದ್ರೆ ಚಿರಂಜೀವಿ ಅಂದ್ರಿ, ಇಟ್ಟೆ, ಅವ್ಳೂ ಸತ್ಲು. ನಮ್ ಬುನ್ಯೋರೊ ಕಡೆ ಮಕ್ಳು ಉಳೀಲಿ ಅಂತ ಕಸ, ತಿಪ್ಪೆ ಅಂತ ಕರೀತಾರೆ. ನಾರೋದನ್ನ ಸಾವೂ ಮೂಸಲ್ಲ. ಸುರೀರಿ ನೀರು."

"ದೇವರ ಮನೇಲಿ ಈ ಮೂಢನಂಬಿಕೆ ನಡೆಯಲ್ಲ."

ಅವಳು ಬೇಡ, ಬೇಡ ಎನ್ನುತ್ತಿರುವಾಗಲೇ ಫಾದರ್ ಮಗುವಿನ ನೆತ್ತಿಗೆ ನೀರು ಹಾಕಿ, ದೇವರ ಆಶೀರ್ವಾದ ಪಡೆದವಳು ಎಂಬರ್ಥ ಬರುವಂತೆ ಬೆನೆಡಿಕ್ಟಾ ಎಂದು ಹೆಸರಿಟ್ಟುಬಿಟ್ಟರು. ಡಾಕ್ಟರ್ ಕಣ್ಣೊರೆಸಿಕೊಳ್ಳುತ್ತಿದ್ದ. ನಕ್ಕು ನಕ್ಕು ಬಂದ ನೀರು ಅದು.

ಮಳೆಗಾಲ ಮುಗಿಯುವ ಮೊದಲೇ ಬೆನೆಡಿಕ್ಟಾಳನ್ನು ಬಾಳೆತೋಟದಲ್ಲಿ ಅಕ್ಕಂದಿರ ಪಕ್ಕ ಮಣ್ಣು ಮಾಡಿದೆವು.

ಕಬಜುಂಗು ಮತ್ತೆ ಕೆಲಸಕ್ಕೆ ಬಂದಾಗ ಗೇಟಿನ ಮರ ಹೂ ಬಿಟ್ಟಿತ್ತು. ಹೇಲಿನ ನಾತ, ಮೂಗು ಬಿಡುವಂತಿರಲಿಲ್ಲ. ಡಾಕ್ಟರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕಾರಿನಿಂದಿಳಿದ. ಅವಳು ಪೊರಕೆಯಲ್ಲೇ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿ ಎಂದೂ ಆಸೆಪಟ್ಟೆ. ಅವಳು ಎಂದಿನಂತೆ ಮಂಡಿಯೂರಿ ನಮಸ್ಕರಿಸಿದಳು.

"ನೀವು ಕೊಟ್ಟ ಹೆಸ್ರು ಒಳ್ಳೇದಿತ್ತು ಸಾರ್. ಅವ್ರು ಇಡೋಕೆ ಬಿಡ್ಲಿಲ್ಲ," ಎಂದಳು. "ಈ ಮರ ನೋಡಿ. ಆ ಬಳ್ಳಿ ನೋಡಿ. ಹೆಂಗೆ ಬದುಕಿದಾವೆ."